ನಿಮ್ಮ ಎರಡನೇ ವೋಟು

ಯಾಕ ನಗಾಕತ್ತೀರಿ? ನಗೂವಂಥಾದ್ದು ನಾ ಏನು ಅಂದೆ? ವೋಟು ಹಾಕದವರಿಗೂ ಬಾಯಿ ಇರತೈತಿ ಅಂದೆ. ಅಷ್ಟ! ...ಚಪ್ಪಲಿ ಬಾಗಿಲದಾಗ ಬಿಡ್ರಿ ಮದಲ, ಈಗಷ್ಟ ನೆಲಾ ಒರಸೀನಿ.

ಗಂಡನ ಮುಂದ ಹೆಂಡತಿ ಮೀಟಿಂಗಿನ್ಯಾಗ ಎದ್ದು ನಿಂತ್ಲು ಅಂತ ನಿಮಗ ಮರ್ಯಾದಿ ಹೋದಂಗಾತು, ಹೌದಿಲ್ಲೋ? ಆದ್ರ ನೀವ ಹೇಳ್ರಿ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಅಧ್ಯಕ್ಷರು, ಆ ನಿಮ್ಮ ಗೆಳ್ಯಾ ವೆಂಕಟೇಶ, ಏನಂದ್ರು? "ಕೈಬಟ್ಟಿಗೆ ವೋಟಿನ ಶಾಯಿ ಇದ್ದವರಷ್ಟ ಮಾತಾಡ್ರಿ!" ಅರೇ! ಮಾತು ನಡದದ್ದು ನೀರಿನ ಟ್ಯಾಂಕರಿಂದು. ಶಾಯಿಗೂ ಟ್ಯಾಂಕರಿಗೂ ಏನು ಸಂಬಂಧ? ವೋಟು ಹಾಕದವರು ಜಳಕಾ ಮಾಡಂಗಿಲ್ಲೇನು?

ಪಾಪ ಆ ಹುಡುಗಿ... ಸಂಯುಕ್ತಾ, ಎರಡನೇ ಮಾಳಗಿಯಾಕಿ. "ನಾ ಬೇಕಂತನ ವೋಟು ಹಾಕಿಲ್ರಿ, ನಿಂತವರೊಳಗ ಒಬ್ರೂ ಮನಸ್ಸಿಗೆ ಬರಲಿಲ್ಲ" ಅಂತ ಇದ್ದದ್ದು ಇದ್ದಂಗ ಹೇಳಿದ್ಲು. ತಪ್ಪಾತು! ಎಲ್ಲಾರೂ ಮುಗಿಬಿದ್ರು. ರಜಾ ಸಿಕ್ಕಿತಂತ ಮಲಗಿರಬೇಕು ಅಂದ್ರು, ಇಂಥವರಿಂದನ ದೇಶಾ ಹಾಳಾತು ಅಂದ್ರು. ಬಾಜೂ ಮನಿ ವಿಶಾಲಾಕ್ಷಿ, ಮುಂಜಾನಿಂದ ತನ್ನ ಬಟ್ಟಿನ ಫೋಟೋ ಎಲ್ಲಾರ ಫೋನಿಗೆ ಕಳಿಸಿ ಕಳಿಸಿ ಸಾಕು ಮಾಡ್ಯಾಳ, ಆಕಿ "ನಿನಗ ನೀರು ಬ್ಯಾರೆ ಬೇಕೇನು?" ಅಂದ್ಲು.

ಅದಕ್ಕ ಎದ್ದೆ. ಎದ್ದು ಬಟ್ಟು ತೋರಿಸಿದೆ. ಎಲ್ಲಾರೂ ಗಪ್ಪ! ಶಾಯಿ ಮಹಿಮಾ ನೋಡ್ರಿ! "ಹಾಕಲಾರದ್ದೂ ಒಂದು ಅಭಿಪ್ರಾಯನ. ಟ್ಯಾಂಕರಿಗೆ ಈಕಿನೂ ರೊಕ್ಕಾ ಕೊಡತಾಳ, ಮಾತಾಡ್ಲಿ" ಅಂದೆ. ಎಷ್ಟು ಚಂದ ಮಾತಾಡಿದ್ಲು!

ಏನು? ಆಕಿ ಪರ ನನಗ್ಯಾಕ ಇಷ್ಟು ಅಂತೀರಿ? ಹಂಗ್ಯಾಕ ನೋಡಾಕತ್ತೀರಿ?

ಹಾಕೀನ್ರೀ ನಾ, ವೋಟು! ನಿಮ್ಮ ಸ್ಕೂಟರಿನ ಮ್ಯಾಲನ ಹೋದೆ. ದಾರಿ ತುಂಬ ನೀವು ಹೇಳಿದ್ದ ಹೇಳಿದ್ರಿ, "ಅಂಬೂ, ಮ್ಯಾಲಿಂದ ಮೂರನೇ ಗುಂಡಿ. ಹೋದ ಸಲದ್ದಲ್ಲ, ಈ ಸಲ ಮೂರನೇದು." ಸನತ್‌ನಗರದ ಕ್ವಾರ್ಟರ್ಸಿನ್ಯಾಗ ಇದ್ದಾಗಿಂದ ಇದ ಅಲ್ಲೇನು? ಫ್ಯಾಕ್ಟರಿಯಿಂದ ರಿಟೈರ್ ಆದ್ರಿ, ಮಿಯಾಪುರದ ಈ ಮನಿಗೆ ಬಂದ್ರಿ, ಗುಂಡಿ ಹೇಳೂದರಿಂದ ಮಾತ್ರ ರಿಟೈರ್ ಆಗಲಿಲ್ಲ. ನೀವು ಪಾರ್ಟಿ ಬದಲಿ ಮಾಡಿದಾಗೆಲ್ಲಾ ನಂದೂ ಬದಲಿ ಆತು... ನನಗ ಸುದ್ದೀನ ಇರಲಿಲ್ಲ!

ಒಳಗ ಹೋದೆ. ಸಹಿ ಮಾಡಿದೆ. ಶಾಯಿ ಹಚ್ಚಿದ್ರು. ಆಮ್ಯಾಲ... ಆಮ್ಯಾಲ ಮೂರನೇದು. ಮತ್ತೇನು? "ಯಾಕಿಷ್ಟು ತಡಾ" ಅಂತ ಹೊರಗ ನೀವು ಕೇಳಿದ್ರಿ, ಮಷೀನ್ ಕೆಟ್ಟಿತ್ತು ಅಂದೆ. ಮಷೀನ್ ಅಂದ್ರ...

ಏನರ ಅನ್ರಲ್ಲ! ಬೈಯ್ರಿ! ನೀವು ಹಿಂಗ ಸುಮ್ಮ ಕುಂತ್ರ ನನ್ನ ಬಾಯಿ ತಾನ ಬಿಚ್ಚತೈತಿ.

ಮಷೀನ್ ಏನೂ ಕೆಟ್ಟಿರಲಿಲ್ರಿ.

ಶಾಯಿ ಹಚ್ಚಿಸಿಕೊಂಡು ಸೀದಾ ಅಧಿಕಾರಿ ಮುಂದ ಹೋಗಿ "ನಾ ವೋಟು ಹಾಕಂಗಿಲ್ಲ" ಅಂದೆ. "ಏಮಯಿಂದಮ್ಮಾ?" ಏನಾತಮ್ಮಾ ಅಂತ ತೆಲುಗಿನ್ಯಾಗ ಕೇಳಿ ಗಾಬರಿಯಾಗಿ ಕುರ್ಚಿ ಕೊಟ್ಟಾ, ನೀರು ಕೊಟ್ಟಾ. ತಲಿ ತಿರುಗೇತಿ ಅಂತ ತಿಳ್ಕೊಂಡಾ, ಪಾಪ! ತಲಿ ಈಗಷ್ಟ ನೆಟ್ಟಗಾಗೇತಿ ಅಂದೆ. ಯಾರೂ ಬ್ಯಾಡ ಅನ್ನೂ ಗುಂಡೀನೂ ಐತಿ, ಅದನ್ನರ ಒತ್ತು ಅಂದಾ. ಯಾರು ಬೇಕು, ಯಾರು ಬ್ಯಾಡ ಅಂತ ನಾ ಯಾವತ್ತು ವಿಚಾರ ಮಾಡೀನಿ, ಹೇಳ್ರಿ? ವಿಚಾರ ಮಾಡದ ಒತ್ತಿದ್ರ ಅದೂ ನಿಮ್ಮ ಮೂರನೇ ಗುಂಡೀನ ಆತಲ್ಲ! ಕಡೀಕ ಅಂವಾ ನನ್ನ ಹೆಸರಿನ ಮುಂದ ವೋಟು ಹಾಕಂಗಿಲ್ಲ ಅಂದ್ರು ಅಂತ ಬರದಾ, ನಾ ಮತ್ತೊಮ್ಮೆ ಸಹಿ ಮಾಡಿದೆ. ದೊಡ್ಡ ಅಕ್ಷರದಾಗ! ಹೊರಗ ಬರೂಮುಂದ ನಗು ಬರಾಕತ್ತಿತ್ತು.

ಮುಂದಿನ ಸಲ ಹಾಕತೀನಿ. ಪೇಪರ್ ಓದಿ, ಅವರಿವರ ಭಾಷಣಾ ಕೇಳಿ, ನಾನ ಹಾಕತೀನಿ. ಯಾವ ಗುಂಡಿ ಅಂತ ಮಾತ್ರ ಹೇಳಂಗಿಲ್ಲ.

ಸಿಟ್ಟಾದ್ರಿ? ಇಲ್ಲಾ? ನಿಮ್ಮ ವೋಟು ನಿಮ್ಮ ಕಡೆ ಸುರಕ್ಷಿತ ಐತ್ರಿ, ಯಾರೂ ಮುಟ್ಟಿಲ್ಲ. ಇಷ್ಟು ವರ್ಷ ನಿಮಗ ಎರಡು ಇದ್ದುವು, ಈಗ ಒಂದಾತು. ಎಲ್ಲಾರಿಗೂ ಒಂದೊಂದ ಇರತಾವಲ್ರೀ?

...ಅಲ್ರೀ?