ಕೈಲಾಸಯ್ಯನ ದಾರಿ ಡಬ್ಬಿ

ಬಾಗಿಲು ಮುಂದೆ ಮಾಡಿ ಹತ್ತಿರ ಬನ್ನಿ. ಜೋರಾಗಿ ಹೇಳುವ ಮಾತಲ್ಲ ಇದು. ಯಾರೋ ಕಂಡರಂತೆ, ಯಾರೋ ಅಂದರಂತೆ ಎಂಬ ಕತೆಯೂ ಅಲ್ಲ. ನಮ್ಮ ಗುಂಜೋಟಿಯ, ನಮ್ಮದೇ ಓಣಿಯ ಕೈಲಾಸಯ್ಯನಿಗೆ ಹೋದ ವರ್ಷ ಆದದ್ದು.

ರಾತ್ರಿ ಹನ್ನೊಂದು ದಾಟಿತ್ತು. ದೇವಣಿಯಾಚೆ, ಹೊಲಗಳ ನಡುವಿನ ಬಂಡಿದಾರಿ. ಕೈಲಾಸಯ್ಯ ಬಂದ್ ಬಿದ್ದ ಮೋಟರ್ ಸೈಕಲ್ಲನ್ನು ದೂಕುತ್ತ ನಡೆದಿದ್ದ. ಚೈನು ಕಟ್... ಕಟ್... ಅನ್ನುತ್ತಿತ್ತು. ಮುಂದಿನ ಚಕ್ರಕ್ಕೆ ಬ್ರೇಕು ಉಜ್ಜಿ, ಸುತ್ತಿಗೊಮ್ಮೆ ಶ್ಶ್... ಎನ್ನುತ್ತಿತ್ತು. ಎದುರಿಗೆ ಒಂದು ಹಾಳು ಬಾವಿ. ಬಾವಿಯ ಮೇಲೆ ಬಾಗಿದ ಆಲದ ಮರ. ದಾರಿ ಕೇಳಲು ನಾಚಿದವನು ಇಂಥ ಜಾಗಕ್ಕಲ್ಲದೆ ಇನ್ನೆಲ್ಲಿಗೆ ಬಂದಾನು?

ಅಲ್ಲಿಗೆ ಹೇಗೆ ಬಂದ ಅನ್ನುವುದನ್ನು ಮೊದಲು ಹೇಳಬೇಕು.

ಕೈಲಾಸಯ್ಯ ನಮ್ಮೂರ ಅಯ್ಯನವರು ಸಂಗಯ್ಯನವರ ಒಬ್ಬನೇ ಮಗ. ಏಳು ತಲೆಮಾರಿನಿಂದ ಜೋಳಿಗೆ ಹಿಡಿದು ಮನೆ ಮನೆಯ ಮುಂದೆ ನಿಂತ ಜಂಗಮರ ಮನೆತನ ಅದು. ಆ ಮನೆಯಲ್ಲಿ ಹುಟ್ಟಿದ ಇವನಿಗೆ, ದಾರಿಯಲ್ಲಿ ನಿಂತು "ಈ ಊರು ಎಲ್ಲಿ ಬರ್ತದ್ರಿ?" ಅಂತ ಕೇಳುವುದು ಕೀಳು ಕೆಲಸ. ಕೇಳಿದರೆ ಹಲ್ಲು ಉದುರುತ್ತವೇನೋ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವನ ಬಾಯಿ ಮಂತ್ರಕ್ಕೂ ಊಟಕ್ಕೂ ಮಾತ್ರ ತೆರೆಯುತ್ತಿತ್ತು. ಉಮರ್ಗಾ, ಉದಗೀರದ ಸ್ಲಾಬಿನ ಮನೆಗಳಿಗೆ ಪೂಜೆಗೆ ತಾನು ಹೋಗುವುದು. ವಾಡಿಯ, ಅಂದರೆ ಹತ್ತಾರು ಮನೆಯ ಹಳ್ಳಿಯ, ಬಡ ಶಿಷ್ಯರಿದ್ದರೆ ಮೊಣಕಾಲು ಹಿಡಿದ ಅಪ್ಪನನ್ನು ಬಸ್ಸು ಹತ್ತಿಸುವುದು. ಹೀಗೆ ನಡೆದಿತ್ತು.

ಲಾತೂರಿನ ಅವನ ಭಾವ ಹೊಸ ಕಾರು ತಗೊಂಡ. ಹಳೆಯ ಕಾರಿನ ಗಾಜಿಗೆ ಅಂಟಿಸುತ್ತಿದ್ದ, ದಾರಿ ಹೇಳುವ ಜಿಪಿಎಸ್ ಡಬ್ಬಿಯನ್ನು ಎಸೆಯಲು ಹೊರಟಿದ್ದ. ಕೈಲಾಸಯ್ಯ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡು ಬಂದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಗುರುತಿನ ದಾರಿಗೂ ಡಬ್ಬಿ ಹಚ್ಚತೊಡಗಿದ. ಗುಂಜೋಟಿಯಿಂದ ಉಮರ್ಗಾಕ್ಕೆ ಹೋಗಲು ಯಾರಾದರೂ ಯಂತ್ರವನ್ನು ಕೇಳುತ್ತಾರೆಯೇ? ಇವನು ಕೇಳುತ್ತಿದ್ದ.

ಆದರೆ ಅದು ಕಾರಿನ ಸಾಮಾನು. ಗಾಜಿಗೆ ಅಂಟಲು ಅದಕ್ಕೊಂದು ರಬ್ಬರಿನ ಬಟ್ಟಲು. ಮೋಟರ್ ಸೈಕಲ್ಲಿಗೆ ಗಾಜೆಲ್ಲಿದೆ? ಪೆಟ್ರೋಲ್ ಟಾಕಿಯ ಮೇಲೆ ಅಂಟಿಸಿದ. ಯೆಣೆಗೂರಿನ ಮೊದಲನೇ ಉಬ್ಬಿನಲ್ಲೇ ಕಳಚಿ ಹೆದ್ದಾರಿಯ ಮೇಲೆ ಉರುಳಿತು. ಮೂಲೆ ಸೀಳಿತು. ಆಮೇಲೆ ಉಮರ್ಗಾದ ಮೆಕ್ಯಾನಿಕ್ ವೈಜನಾಥನ ಅಂಗಡಿಗೆ ಹೋಗಿ ಕೂತ.

ವೈಜನಾಥ ಒಳ್ಳೆಯ ಕೆಲಸಗಾರ. ಊಟದ ಸ್ಟೀಲ್ ಡಬ್ಬಿಯೊಂದನ್ನು ಕತ್ತರಿಸಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರು ಹಾಸಿ, ಎರಡು ಪಟ್ಟಿಗಳಿಂದ ಹ್ಯಾಂಡಲ್ಲಿಗೆ ಬಿಗಿದ. ಯಂತ್ರದ ಒಳಗಿನ ಬ್ಯಾಟರಿ ಉಬ್ಬಿತ್ತು. ಅದನ್ನು ಕಿತ್ತು ಒಗೆದ. "ಇನ್ನ ಇದು ವೈರಿನ ಮ್ಯಾಲೇ ನಡೀಬೇಕ್ರಿ. ಪಿನ್ನ ತೆಗದ್ರಿ ಅಂದ್ರ ಖಲಾಸ್," ಅಂದ.

ಆಮೇಲೆ ಕರೆಂಟಿನ ಮಾತು ಬಂತು.

"ಕೀಲಿ ಹಿಂದಿನ ವೈರಿನಿಂದ ಕೊಡ್ತೀನ್ರಿ ಅಯ್ಯನವರ," ಅಂದ ವೈಜನಾಥ. "ಕೀಲಿ ಬಂದ್ ಮಾಡಿದ್ರ ಇದೂ ಬಂದ್ ಆಗ್ತದ. ಬ್ಯಾಟರಿ ಉಳೀತದ."

"ಬ್ಯಾಡ. ಪ್ರತಿ ಸಲ ಚಾಲೂ ಆಗ್ಲಿಕ್ಕಿ ಐದ ಮಿನಿಟ್ ತಗೋತದ ಇದು. ಸೀದಾ ಬ್ಯಾಟರಿಗಿ ಕೊಡು."

"ಬ್ಯಾಟರಿ ಇಳೀತದ್ರಿ."

"ನಿನಗ ಹೇಳಿದಷ್ಟ ಮಾಡು ವೈಜಾ. ಶಾಣ್ಯಾತನ ಕೇಳಿಲ್ಲ ನಾ."

ವೈಜನಾಥ ಹೇಳಿದಷ್ಟು ಮಾಡಿದ. ಬೆಸುಗೆ ಹಾಕುವಾಗ ಕಾದ ಸೀಸದ ಹನಿಯೊಂದು ನೆಲಕ್ಕೆ ಬಿತ್ತು. ಕೈಲಾಸಯ್ಯ ಅದನ್ನು ಮೆಟ್ಟಿದ. ಚುರ್ ಎಂದಿತು. ಎಡಗಾಲಿನ ಹೊಸ ಬೂಟಿನ ಹಿಮ್ಮಡಿಯಲ್ಲಿ ರೂಪಾಯಿಯಗಲ ಒಂದು ದುಂಡನೆಯ ಕುಳಿ ಬಿತ್ತು. ಅದಕ್ಕಾಗಿ ವೈಜನಾಥನನ್ನು ಗಿರಾಕಿಗಳ ಮುಂದೆ ಅರ್ಧ ಗಂಟೆ ಬೈದ. ಈ ಕುಳಿಯನ್ನು ನೆನಪಿನಲ್ಲಿಡಿ.

ಇದಾಗಿ ತಿಂಗಳಿಗೆ, ನಿಲಂಗಾದ ಒಬ್ಬ ವ್ಯಾಪಾರಿಯ ಮನೆ ಗೃಹಪ್ರವೇಶ. ಕೈಲಾಸಯ್ಯ ಮಧ್ಯಾಹ್ನದಿಂದ ಅಲ್ಲೇ ಇದ್ದ. ಗಾಡಿ ಅಂಗಳದಲ್ಲಿ ನಿಂತಿತ್ತು, ಡಬ್ಬಿ ಉರಿಯುತ್ತಲೇ ಇತ್ತು. ಗಾಡಿಯಲ್ಲಿ ಚಾರ್ಜಿನ ಸಾಕೆಟ್ಟು ಇದ್ದದ್ದು ಒಂದೇ. ಅದನ್ನು ಡಬ್ಬಿ ಹಿಡಿದಿದ್ದರಿಂದ ಇವನ ಫೋನು ಚಾರ್ಜಿಲ್ಲದೆ ಸತ್ತು ಹೋಗಿತ್ತು. ಹೀಗಾಗಿ ರಾತ್ರಿ ಎಂಟು ಗಂಟೆಗೆ ಮಲ್ಲಣ್ಣ ಹುಡುಕಿಕೊಂಡು ಬರುವವರೆಗೆ ಸುದ್ದಿಯೇ ಮುಟ್ಟಲಿಲ್ಲ.

ಮಲ್ಲಣ್ಣ ದೇವಣಿಯಾಚೆಯ ಒಂದು ವಾಡಿಯವನು. ವಾಡಿಯ ಹೆಸರು ಹೇಳುವುದಿಲ್ಲ. ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಅವನ ದೊಡ್ಡಪ್ಪ ಮಾಣಿಕಪ್ಪ ಮುಂಜಾನೆ ಲಿಂಗೈಕ್ಯನಾಗಿದ್ದ. ಮಾಣಿಕಪ್ಪ ಅಂದರೆ ನಲವತ್ತು ವರ್ಷ ಸುಗ್ಗಿಯ ಮೊದಲನೇ ಜೋಳವನ್ನು ತಲೆಯ ಮೇಲೆ ಹೊತ್ತು ಗುಂಜೋಟಿಗೆ ತಂದು ಸಂಗಯ್ಯನವರ ಮನೆಯಲ್ಲಿ ಇಳಿಸಿದ ಶಿಷ್ಯ. ನಮ್ಮಲ್ಲಿ ಸತ್ತವರನ್ನು ಕೂಡಿಸುತ್ತಾರೆ, ಮೈಗೆ ವಿಭೂತಿ ಹಚ್ಚುತ್ತಾರೆ, ಅಯ್ಯನವರು ಬಂದು ತಲೆಯ ಮೇಲೆ ಬಲಗಾಲಿನ ಪಾದ ಇಡುವವರೆಗೆ ಎತ್ತುವುದಿಲ್ಲ. ಗೊತ್ತಲ್ಲ.

"ದೊಡ್ಡಪ್ಪಗ ನಿಮ್ಮ ಅಪ್ಪನವರು ಮಾತ ಕೊಟ್ಟಾರ್ರಿ," ಅಂದ ಮಲ್ಲಣ್ಣ. "ನಂದು ಇಲ್ಲಾ ನನ್ನ ಮಗಂದು, ನಮ್ಮ ಮನಿ ಪಾದಾನೇ ನಿನ್ನ ತಲಿ ಮ್ಯಾಲ ಅಂತ. ಅವರ ಕಾಲ ಏಳ್ತಿಲ್ಲ. ನಿಮಗೇ ಕರ್ಕೊಂಡ ಹೋಗು ಅಂದಾರ. ಕುಣಿ ತೋಡಿ ಇಟ್ಟೀವ್ರಿ. ಬೆಳಗಾದ್ರ ಹಿರ್ಯಾರು ಬ್ಯಾರೆ ಅಯ್ಯನವರಿಗಿ ಕರಸ್ತಾರ."

ಬೇರೆಯವರು ಬಂದು ಪಾದ ಇಟ್ಟರೆ ಮಾತೂ ಹೋಯಿತು, ಏಳು ತಲೆಮಾರಿನ ಮನೆತನವೂ ಹೋಯಿತು. ಕೈಲಾಸಯ್ಯ ಎದ್ದ. ಎದ್ದದ್ದು ಮಾಣಿಕಪ್ಪನಿಗಾಗಿ ಅಲ್ಲ, ಅಪ್ಪನ ಬೈಗುಳಕ್ಕೆ ಹೆದರಿ.

"ನಾ ಹಿಂದ ಕುಂದರ್ತೀನ್ರಿ. ಕತ್ತಲದಾಗ ದಾರಿ ಗೊತ್ತಾಗಲ್ಲ," ಅಂದ ಮಲ್ಲಣ್ಣ.

ಹಿಂದಿನ ಸೀಟಿನ ಮೇಲೆ ಅಕ್ಕಿ, ತೆಂಗಿನಕಾಯಿ, ಬಟ್ಟೆಯ ಗಂಟು ಕಟ್ಟಿತ್ತು. ಕೈಲಾಸಯ್ಯ ಗಂಟು ನೋಡಿದ, ಮಲ್ಲಣ್ಣನನ್ನು ನೋಡಿದ. "ನಿನ್ನಕಿಂತ ಇದಕ್ಕ ಹೆಚ್ಚ ಗೊತ್ತದ," ಅಂತ ಡಬ್ಬಿಯ ತಲೆ ಸವರಿದ.

ಗಾಡಿ ಬಟನ್ನಿಗೆ ಚಾಲೂ ಆಗಲಿಲ್ಲ. ಟಿಕ್... ಟಿಕ್... ಅಂದು ಸುಮ್ಮನಾಯಿತು. ಬ್ಯಾಟರಿ ಇಳಿದಿತ್ತು. ಕಿಕ್ ಇಲ್ಲದ ಹೊಸ ಗಾಡಿ. ನಾಲ್ಕು ಮಂದಿ ದೂಕಿ ಚಾಲೂ ಮಾಡಿಕೊಟ್ಟರು; ಅವರಲ್ಲಿ ಹಿಂದೆ ಉಳಿದ ಮಲ್ಲಣ್ಣನೂ ಒಬ್ಬ.

ವಾಡಿಯ ಹೆಸರು ಯಂತ್ರದಲ್ಲಿ ಇರಲಿಲ್ಲ. ಪಕ್ಕದ ಊರಿನದು ಹಾಕಿದ. ಡಬ್ಬಿಯ ಹೆಂಗಸು ಹಿಂದಿಯಲ್ಲಿ ಬಲಕ್ಕೆ ತಿರುಗು ಅಂದರೆ ತಿರುಗಿದ, ಎಡಕ್ಕೆ ಅಂದರೆ ಎಡಕ್ಕೆ. ದೇವಣಿಯಲ್ಲಿ ಚಹಾದಂಗಡಿ ತೆರೆದಿತ್ತು, ನಾಲ್ಕು ಜನ ಕೂತಿದ್ದರು. ಕೇಳಲಿಲ್ಲ. ಮುಂದೆ, ತಪ್ಪಿಸಿಕೊಂಡಿದ್ದ ಎಮ್ಮೆಯನ್ನು ಹೊಡೆದುಕೊಂಡು ಬರುವ ಮುದುಕಿ ಸಿಕ್ಕಳು. ಅವಳನ್ನೂ ಕೇಳಲಿಲ್ಲ. ಡಬ್ಬಿ ಎಡಕ್ಕೆ ಅಂದಿತು. ತಿರುಗಿದ್ದೇ ತಡ, ಗಾಡಿ ನೀರು ಬಿಟ್ಟ ಕಬ್ಬಿನ ಗದ್ದೆಯಲ್ಲಿ ಹೂತು ಬಂದ್ ಬಿತ್ತು. ದೂಕಲು ಒಂದು ನರಪಿಳ್ಳೆ ಇಲ್ಲ.

ಬೂಟಿಗೆ ಕರಿಮಣ್ಣು ಮೆತ್ತಿಕೊಂಡು, ಹೇಗೋ ಗಾಡಿಯನ್ನು ದಾರಿಗೆ ತಂದ. ಸಿಟ್ಟಿನಲ್ಲಿ ಪಿನ್ನು ಕಿತ್ತು, ವೈರು ಸುತ್ತಿ ಜೋಳಿಗೆಗೆ ತುರುಕಿದ. ಪರದೆ ಕಪ್ಪಾಯಿತು. ದೂಕುತ್ತ ಹೊರಟ. ಈಗ ನಾವು ಬಾವಿಯ ಹತ್ತಿರ ಇದ್ದೇವೆ.

ಬಾವಿಯಲ್ಲಿ ಕಪ್ಪೆ ವಟಗುಟ್ಟುತ್ತಿದ್ದವು. ಇವನು ಸಮೀಪಿಸಿದಂತೆ ಒಂದೊಂದಾಗಿ ಸುಮ್ಮನಾದವು... ಕೊನೆಗೆ ಚೈನಿನ ಕಟ್ ಕಟ್ ಒಂದೇ ಉಳಿಯಿತು.

ಆಗ... ಟಿಂಗ್ ಟೊಂಗ್.

ಪರದೆ ಹೊತ್ತಿಕೊಂಡಿತು. ನೀಲಿ ಬೆಳಕು. "ಆಪ್ ಅಪ್ನೀ ಮಂಜಿಲ್ ಪರ್ ಪಹುಂಚ್ ಗಯೇ ಹೈಂ," ಎಂದಿತು ಆ ಹೆಂಗಸಿನ ದನಿ. ಮುಟ್ಟಬೇಕಾದ ಜಾಗ ಮುಟ್ಟಿದ್ದೀರಿ ಅಂತ.

ಕೈಲಾಸಯ್ಯ ಜೋಳಿಗೆಗೆ ಕೈ ಹಾಕಿದ. ವೈರು ಅಲ್ಲೇ ಇತ್ತು. ಪಿನ್ನಿನ ತುದಿ ತಣ್ಣಗಿತ್ತು. ಹೆದರಿಕೆ ಆಯಿತು. ಆದರೆ ಹೆದರಿದ್ದೇನೆ ಅಂತ ತನಗೆ ತಾನೇ ಒಪ್ಪಿಕೊಳ್ಳುವ ಜಾತಿಯಲ್ಲ ಅವನು. "ಹಾಳ ಬಾವಿ ನಿನ್ನ ಮಂಜಿಲ್ ಏನು?" ಅಂತ ಡಬ್ಬಿಗೇ ಬೈದ.

ಬೈದು ತಲೆ ಎತ್ತಿದರೆ... ಆ ನೀಲಿ ಬೆಳಕಿನಲ್ಲಿ, ದಾರಿಯ ಅಂಚಿಗೆ, ಒಬ್ಬ ಮುದುಕ ಕಾಲು ಮಡಚಿ ಕೂತಿದ್ದ. ಬರಿಮೈ. ಬೋಳು ತಲೆಗೆ ದಪ್ಪಗೆ ವಿಭೂತಿ. ಕಣ್ಣು ಮುಚ್ಚಿದ್ದವು.

"ಬಂದ್ರೇನ್ರಿ ಅಯ್ಯನವರ..." ಪಿಸುದನಿ.

"ಯಾಂವ ನೀ?"

"ಭಾಳ ತಡಾ ಆತ್ರಿ."

"ನನಗೂ ತಡಾ ಆಗ್ಯಾದ. ಸರಿ ಅತ್ಲಾಗ."

"ಪಾದ ಇಡ್ರಿ... ಹೋಗ್ತೀನಿ."

ಕುಡಿದವನಿರಬೇಕು ಅಂದುಕೊಂಡ ಕೈಲಾಸಯ್ಯ. ಇಲ್ಲವೇ ತಲೆಕೆಟ್ಟವನು. ದಾರಿ ಕೇಳುವ ಬುದ್ಧಿ ಆಗಲೂ ಬರಲಿಲ್ಲ. "ಬೂಟ ಹಾಕ್ಕೊಂಡೀನಿ," ಅಂದ.

"ಇರ್ಲಿ ಬಿಡ್ರಿ..."

ಗಾಡಿ ದೂಕುವವನು ಗಾಡಿಯ ಎಡಕ್ಕೆ ನಿಂತಿರುತ್ತಾನೆ. ಎರಡೂ ಕೈ ಹ್ಯಾಂಡಲ್ಲಿನ ಮೇಲೆ. ಸ್ಟ್ಯಾಂಡು ಹಾಕಬೇಕು, ಬೂಟು ಕಳಚಬೇಕು, ಬಲಗಾಲು ಎತ್ತಬೇಕು. ಅಷ್ಟು ತ್ರಾಸು ಯಾರು ತಗೊಳ್ಳಬೇಕು, ಒಬ್ಬ ಬೀದಿ ಮುದುಕನಿಗೆ? ಹತ್ತಿರವಿದ್ದ ಎಡಗಾಲನ್ನು ಎತ್ತಿ, ಕೆಸರು ಬೂಟಿನ ಸಮೇತ ಆ ತಲೆಯ ಮೇಲಿಟ್ಟು ಒತ್ತಿದ. "ಪಾದ ಸಿಕ್ತಲ್ಲ? ಸಾಕು."

ಆ ತಲೆ ಜರಗಲಿಲ್ಲ. ಗುಂಡುಕಲ್ಲಿನ ಮೇಲೆ ಕಾಲಿಟ್ಟಂತಿತ್ತು.

ಬೆಳಕು ಆರಿತು. ಗಾಡಿ ದೂಕಿ ಮುಂದೆ ನಡೆದ. ಹಿಂದಿನಿಂದ ಉಸಿರಿನ ಸದ್ದೂ ಇಲ್ಲ, ಎದ್ದು ಹೋದ ಸಪ್ಪಳವೂ ಇಲ್ಲ. ಕೈಲಾಸಯ್ಯ ತಿರುಗಿ ನೋಡಲಿಲ್ಲ. ಹೆಜ್ಜೆ ಮಾತ್ರ ಜೋರಾದವು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಝಣ್... ಝಣ್... ಅಂತ ತಾಳದ ಸದ್ದು ಕೇಳಿತು. ಭಜನೆ. ಅದರ ಬೆನ್ನು ಹತ್ತಿ ಮಾಣಿಕಪ್ಪನ ಮನೆ ಮುಟ್ಟಿದ. ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಬಂದ ಮಲ್ಲಣ್ಣ ಇವನಿಗಿಂತ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದ.

ಕೈಲಾಸಯ್ಯ ಬೂಟು ಹೊಸ್ತಿಲಾಚೆ ಬಿಟ್ಟ. ಕಾಲಿಗೆ ತಂಬಿಗೆ ನೀರು ಹಾಕಿದರು. ಭಜನೆ ನಿಂತಿತು. ಗೋಡೆಗೆ ಆನಿಸಿ ಕೂಡಿಸಿದ್ದ ಹೆಣದ ಮುಂದೆ ಹೋಗಿ, ಮಲ್ಲಣ್ಣನ ಹೆಗಲು ಹಿಡಿದು ಬಲಗಾಲು ಎತ್ತಿದ. ಎತ್ತಿ ಕೆಳಗೆ ನೋಡಿದ.

ಅದೇ ಮುಖ. ಅದೇ ಬೋಳು ತಲೆ. ಆ ತಲೆಯ ಬಿಳಿ ವಿಭೂತಿಯ ಮೇಲೆ ಕರಿಮಣ್ಣಿನ ಒಂದು ಮುದ್ರೆ... ಅಡ್ಡಡ್ಡ ಗೆರೆ. ಹಿಮ್ಮಡಿಯ ಜಾಗದಲ್ಲಿ ರೂಪಾಯಿಯಗಲ, ಮಣ್ಣು ತಾಕದ ದುಂಡನೆಯ ಬಯಲು.

ಎತ್ತಿದ ಕಾಲು ಎತ್ತಿದಂತೆಯೇ ಉಳಿಯಿತು.

ಪಕ್ಕದಲ್ಲಿ ಕೂತಿದ್ದ ಮಾಣಿಕಪ್ಪನ ಹೆಂಡತಿ ಸುಮನಬಾಯಿ ಬಗ್ಗಿ ನೋಡಿದಳು. "ಸಂಜೀಕ ನಾನೇ ಹಚ್ಚೀನಿ ಈಬತ್ತಿ," ಅಂದಳು. "ಅರಿವಿ ಹೊಚ್ಚಿ ಇಲ್ಲೇ ಕುಂತೀನಿ. ಈಗ ನಿಮಗಾಗಿ ಸರಿಸೀನಿ. ಯಾರೂ ಮುಟ್ಟಿಲ್ಲ." ಆಮೇಲೆ ಪಿಸುದನಿಯಲ್ಲಿ ಕೇಳಿದಳು, "ದಾರ್ಯಾಗ ಯಾರರೆ ಸಿಕ್ಕಿದ್ರೇನ್ರಿ, ಅಯ್ಯನವರ?"

"ಇಲ್ಲ," ಅಂದ ಕೈಲಾಸಯ್ಯ.

ಸುಮನಬಾಯಿ ಎದ್ದಳು. ಹೊಸ್ತಿಲಿಗೆ ಹೋಗಿ ಎಡಗಾಲಿನ ಬೂಟು ಎತ್ತಿ, ಮಗುಚಿ, ದೀಪಕ್ಕೆ ಹಿಡಿದಳು. ಕರಿಮಣ್ಣಿನ ಗೆರೆಗಳ ನಡುವೆ ಬಿಳಿ ವಿಭೂತಿ ತುಂಬಿತ್ತು. ಕೂತವರೆಲ್ಲ ಕಂಡರು. ಅವಳು ಬೂಟನ್ನು ಇದ್ದಲ್ಲೇ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಕಾಲ ಇಳಸ್ರಿ," ಅಂದಳು. ದನಿ ಏರಲಿಲ್ಲ. "ಅವರಿಗಿ ನಿಮ್ಮ ಮನಿ ಪಾದ ಸಿಕ್ಕದ. ನಲವತ್ತ ವರ್ಷ ಜೋಳ ಹೊತ್ತ ತಲಿಗಿ ಇಷ್ಟ ಸಿಕ್ಕದ. ಮಲ್ಲಣ್ಣಾ, ಎತ್ರಪ್ಪ ಇನ್ನ."

ಎತ್ತಿದರು. ಆ ಮುದ್ರೆಯನ್ನು ಯಾರೂ ಒರೆಸಲಿಲ್ಲ, ಅವಳು ಬಿಡಲಿಲ್ಲ. ಅದರ ಸಮೇತವೇ ಮಣ್ಣು ಕೊಟ್ಟರು. ಕೈಲಾಸಯ್ಯ ಒಂದು ಮಂತ್ರವನ್ನೂ ಹೇಳಲಿಲ್ಲ, ಯಾರೂ ಹೇಳು ಅನ್ನಲೂ ಇಲ್ಲ. ಆ ಮನೆಯಿಂದ ಗುಂಜೋಟಿಗೆ ಈ ಸುಗ್ಗಿಯಲ್ಲಿ ಜೋಳ ಬರಲಿಲ್ಲ. ಸಂಗಯ್ಯನವರು ಮಗನ ಕೂಡ ಮಾತು ಬಿಟ್ಟಿದ್ದಾರೆ. ಕೈಲಾಸಯ್ಯ ಈಗ ಉಮರ್ಗಾಕ್ಕೆ ಹೋಗಬೇಕಾದರೂ ನಾಲ್ಕು ಮಂದಿಯನ್ನು ದಾರಿ ಕೇಳುತ್ತಾನೆ. ಈಗ ಕೇಳಿ ಏನು ಬಂತು?

ಸುಳ್ಳು ಅನ್ನಿಸಿದರೆ ಮಲ್ಲಣ್ಣ ಇದ್ದಾನೆ, ಕೇಳಿ. ಹೆಗಲು ಕೊಟ್ಟವನು ಅವನೇ. ಬೆಳಗ್ಗೆ ಗಾಡಿ ಹೊರಗೆ ದಬ್ಬಲು ಹೋದವನೂ ಅವನೇ. ವೈರು ಇನ್ನೂ ಜೋಳಿಗೆಯಲ್ಲೇ ಇತ್ತಂತೆ. ನೋಡೋಣ ಅಂತ ಕೀಲಿ ತಿರುಗಿಸಿ ಬಟನ್ ಒತ್ತಿದನಂತೆ. ರಾತ್ರಿಯೆಲ್ಲ ಸತ್ತು ಬಿದ್ದಿದ್ದ ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಅದನ್ನು ದಾರಿಯಲ್ಲಿ ತಡೆದವನು ಆಗಲೇ ಮಣ್ಣು ಸೇರಿದ್ದ.