ಟ್ರೌಟ್‌ಮನ್ ಅವರ ಮೂರು ಗಂಟೆ

ಹೆಸರು: ಡಾರ್ಸಿ ಕೋವಲ್ಚಿಕ್. ತಂದೆಯ ಹೆಸರು: ಸ್ಟೀವನ್ ಕೋವಲ್ಚಿಕ್. ವಯಸ್ಸು: 23 ವರ್ಷ. ಕೆಲಸ: ಪಶು ಆಹಾರದ ಗಿರಣಿಯಲ್ಲಿ ಮೂಟೆ ತೂಗುವುದು. ಇದಲ್ಲದೆ ಸಂಬಳವಿಲ್ಲದೆ ಹೆಮ್ಲಾಕ್ ಗ್ಯಾಪ್ ಸ್ವಯಂಸೇವಕ ಅಗ್ನಿಶಾಮಕ ದಳದ ಸದಸ್ಯೆ. ವಾಸ: ಮನೆ ನಂ. 418, ಕ್ವಾರಿ ರಸ್ತೆ, ಹೆಮ್ಲಾಕ್ ಗ್ಯಾಪ್ ಟೌನ್‌ಶಿಪ್, ಪೆನ್ಸಿಲ್ವೇನಿಯಾ.

ಮೇಲ್ಕಂಡ ನಾನು ಈ ದಿನ 7-6-2024ರ ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಟೌನ್‌ಶಿಪ್ ಪೊಲೀಸ್ ಠಾಣೆಗೆ ಬಂದು ಸಾರ್ಜೆಂಟ್ ಮೇನಾರ್ಡ್ ಗುಡ್ಲಿಂಗ್ ಅವರ ಮುಂದೆ ಹೇಳಿ ಬರೆಸುವುದೇನೆಂದರೆ:

ನನ್ನ ದೂರು ಎರಡು ಕಾಗದಗಳ ಬಗ್ಗೆ. ಎರಡಕ್ಕೂ ಟೌನ್‌ಶಿಪ್ ವ್ಯವಸ್ಥಾಪಕರಾದ ಕೀತ್ ಎಬರ್ಸೋಲ್ ಅವರೇ ಸಹಿ ಹಾಕಿದ್ದಾರೆ. ಏಪ್ರಿಲ್ 13ರ ಸಂಜೆ ರಸ್ಸೆಲ್ ಟ್ರೌಟ್‌ಮನ್ ಎಂಬವರು ಬೆಂಕಿ ಆರಿಸುವ ಕರ್ತವ್ಯದಲ್ಲಿದ್ದರು ಎಂದು ಒಂದು ಕಾಗದ ಹೇಳುತ್ತದೆ ಮತ್ತು ಆ ಕರ್ತವ್ಯಕ್ಕೆ ಅವರಿಂದಲೇ ಹಣ ಕೇಳುತ್ತದೆ. ಅವರು ಕರ್ತವ್ಯದಲ್ಲಿ ಇರಲೇ ಇಲ್ಲ ಎಂದು ಇನ್ನೊಂದು ಹೇಳುತ್ತದೆ ಮತ್ತು ಅವರ ಸುಟ್ಟ ಕೈಯ ಚಿಕಿತ್ಸೆಯನ್ನು ತಪ್ಪಿಸುತ್ತದೆ. ಎರಡರಲ್ಲಿ ಒಂದು ಸುಳ್ಳು. ಬರುವ ಸೋಮವಾರ ಸಂಜೆ 7 ಗಂಟೆಗೆ ಟೌನ್‌ಶಿಪ್ ಮಂಡಳಿಯ ಸಭೆಯಲ್ಲಿ ಮೊದಲ ಕಾಗದವನ್ನು ತಿದ್ದಿ ಅವರ ಹೆಸರು ತೆಗೆಯಲಿದ್ದಾರೆ. ತಿದ್ದಿದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ಇದನ್ನು ಬರೆದುಕೊಳ್ಳಬೇಕೆಂದು ಕೋರಿದ್ದೇನೆ.

ರಸ್ಸೆಲ್ ಟ್ರೌಟ್‌ಮನ್ ಅವರಿಗೆ 58 ವರ್ಷ. ಮರದ ದಿಮ್ಮಿ ಲಾರಿ ಓಡಿಸುತ್ತಾರೆ. ನಮ್ಮ ದಳದಲ್ಲಿ 31 ವರ್ಷದಿಂದ ಇದ್ದಾರೆ. ಅವರು ನನಗೆ ಸಂಬಂಧಿಕರಲ್ಲ, ಸ್ನೇಹಿತರೂ ಅಲ್ಲ. ನಾನು ಓದುವ ಕಾರ್ಮಿಕ ಹಕ್ಕಿನ ಪುಸ್ತಿಕೆಗಳನ್ನು ನೋಡಿ ನನಗೆ "ಕರಪತ್ರ" ಎಂದು ಹೆಸರಿಟ್ಟವರು ಅವರೇ. ದಳದಲ್ಲಿ ಈಗ ಎಲ್ಲರೂ ಹಾಗೆಯೇ ಕರೆಯುತ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಟೌನ್‌ಶಿಪ್ ಆಡಳಿತ ಒಂದು ನಿಯಮ ತಂದಿತು. ಕಾನೂನು ಮೀರಿ ನಡೆದು ಅದರಿಂದ ಅಗ್ನಿಶಾಮಕ ದಳ ಬರಬೇಕಾಗಿ ಬಂದರೆ, ಬಂದುಹೋದ ಖರ್ಚನ್ನು ತಪ್ಪು ಮಾಡಿದವರೇ ಕೊಡಬೇಕು ಎಂಬುದು ಆ ನಿಯಮ. ಇದಕ್ಕೆ ನನ್ನ ವಿರೋಧವಿಲ್ಲ. ನಮ್ಮ ದಳ ರಸ್ತೆ ಬದಿಯಲ್ಲಿ ಕೋಳಿ ಸುಟ್ಟು ಮಾರಿ ಟ್ಯಾಂಕರಿಗೆ ಡೀಸೆಲ್ ಹಾಕಿಸುತ್ತದೆ. ಕುಡಿದು ಕಂಬಕ್ಕೆ ಗುದ್ದುವವರ ಡೀಸೆಲನ್ನು ನಾವು ಯಾಕೆ ಕೋಳಿ ಸುಟ್ಟು ತುಂಬಬೇಕು? ಆದರೆ ಆ ನಿಯಮದಲ್ಲಿ ಪ್ರತಿ ಸ್ವಯಂಸೇವಕನ ಒಂದೊಂದು ಗಂಟೆಗೆ 20 ಡಾಲರ್ 50 ಸೆಂಟ್ ಎಂದು ದರ ಹಾಕಿದ್ದಾರೆ. ನಮಗೆ ಯಾರೂ ಒಂದು ಸೆಂಟ್ ಕೊಡುವುದಿಲ್ಲ. ನಾವು ಬಿಟ್ಟಿಯಾಗಿ ಕೊಟ್ಟ ದುಡಿಮೆಗೆ ಬೆಲೆ ಚೀಟಿ ಅಂಟಿಸಿ ಮಾರುವ ಹಕ್ಕು ಟೌನ್‌ಶಿಪ್‌ಗೆ ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಇಲ್ಲಿ ಸಾರ್ಜೆಂಟ್ ಬರೆಯುವುದನ್ನು ನಿಲ್ಲಿಸಿ, "ಡಾರ್ಸಿ, ಇದು ಭಾಷಣ ಆಯ್ತು. ಏನು ನಡೀತು ಅದನ್ನ ಹೇಳಮ್ಮ" ಎಂದರು. ನಡೆದದ್ದನ್ನು ಹೇಳುತ್ತೇನೆ.

ದಿನಾಂಕ 13-4-2024ರ ಶನಿವಾರ ಒಣ ಗಾಳಿಯ ಕಾರಣ ಹೊರಗೆ ಬೆಂಕಿ ಹಚ್ಚಬಾರದೆಂದು ಕೌಂಟಿ ಆಡಳಿತದ ಆದೇಶವಿತ್ತು. ಆದರೂ ಟ್ರೌಟ್‌ಮನ್ ಅವರು ತಮ್ಮ ಹಿತ್ತಿಲಿನಲ್ಲಿ ಹಳೆಯ ಬೇಲಿ ಕಂಬಗಳ ರಾಶಿಗೆ ಬೆಂಕಿ ಹಚ್ಚಿದರು. ಅದು ಅವರ ತಪ್ಪು. ಅವರು ಬಿಯರ್ ಕುಡಿದಿದ್ದರೋ ಎಂದು ಸಾರ್ಜೆಂಟ್ ಕೇಳಿದರು. ಒಂದು ಕ್ಯಾನ್ ಅವರ ಲಾರಿಯ ಹಿಂದಿನ ಹಲಗೆಯ ಮೇಲಿತ್ತು, ಅರ್ಧ ಉಳಿದಿತ್ತು. ಗಾಳಿ ಎದ್ದು ಬೆಂಕಿ ಮೇಲಿನ ಗುಡ್ಡದ ಕಡೆಗೆ ಹೊರಟಿತು. ಸಂಜೆ 4:20ಕ್ಕೆ ಅವರೇ ತುರ್ತು ನಂಬರಿಗೆ ಫೋನ್ ಮಾಡಿದರು. ನನ್ನ ಪೇಜರ್ ಕೂಗಿತು. ನಾನು ಅಗ್ನಿಶಾಮಕ ಠಾಣೆಗೆ ಓಡಿ ಟ್ಯಾಂಕರ್ ಹತ್ತಿದೆ.

ನಾವು ಹೋಗುವಷ್ಟರಲ್ಲಿ ಟ್ರೌಟ್‌ಮನ್ ಅವರು ಬೆಂಕಿ ಕೋಟು ಹಾಕಿ, ಹೆಲ್ಮೆಟ್ ಕಟ್ಟಿ, ಗೇಟಿನ ಬಳಿ ನಿಂತಿದ್ದರು. ಅವರ ಸರಂಜಾಮು ಯಾವಾಗಲೂ ಅವರ ಗಾಡಿಯಲ್ಲೇ ಇರುತ್ತದೆ. ನಮ್ಮ ಚೀಫ್ ವಾರೆನ್ ಶೋಪ್ ಅವರು ಗಾಡಿಯಿಂದ ಇಳಿದು ಬೆಂಕಿಯನ್ನೂ ಟ್ರೌಟ್‌ಮನ್ ಅವರನ್ನೂ ನೋಡಿದರು. ಆಮೇಲೆ, "ನಿನ್ನ ಮೇಲೆ ಕೂಗಾಡೋದು ಆಮೇಲೆ. ಈಗ ಹೋಗಿ ಪಂಪ್ ಹಿಡಿ" ಎಂದರು. ಟ್ರೌಟ್‌ಮನ್ ಅವರು, "ಕೂಗಾಡೋಕೆ ನನ್ನ ಹೆಂಡ್ತಿ ಮೊದ್ಲು ಸಾಲಲ್ಲಿ ನಿಂತಿದ್ದಾಳೆ, ಚೀಫ್" ಎಂದು ಹೇಳಿ ಪಂಪಿನ ಬಳಿಗೆ ಹೋದರು. ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಾನು ಆಗ ಚೀಫ್ ಅವರಿಂದ ಆರು ಅಡಿ ದೂರದಲ್ಲಿ ಪೈಪು ಬಿಚ್ಚುತ್ತಿದ್ದೆ. ಅಗ್ನಿಶಾಮಕ ದಳದಲ್ಲಿ ಚೀಫ್ ಹೇಳಿದ್ದೇ ಕರ್ತವ್ಯ. ಬೇರೆ ಯಾವ ಕಾಗದವೂ ಅಲ್ಲಿ ಇರುವುದಿಲ್ಲ.

ಸುಮಾರು 6:30ಕ್ಕೆ ನಾನು ಗುಡ್ಡದ ಬುಡದಲ್ಲಿ ಮುಳ್ಳುತಂತಿಯ ಬೇಲಿಯ ಪಕ್ಕ ಪೈಪಿನ ತುದಿ ಹಿಡಿದಿದ್ದೆ. ಸತ್ತು ನಿಂತಿದ್ದ ಒಂದು ಮರದ ತುದಿ ಉರಿಯುತ್ತಲೇ ಮುರಿದು ಬೇಲಿಯ ಮೇಲೆ ಬಿತ್ತು. ತಂತಿ ಕುಸಿದು ನನ್ನ ಎಡಗಾಲಿನ ಬೂಟಿಗೆ ಸುತ್ತಿಕೊಂಡಿತು. ನಾನು ಬಿದ್ದೆ. ಟ್ರೌಟ್‌ಮನ್ ಅವರು ಪಂಪನ್ನು ಇನ್ನೊಬ್ಬರಿಗೆ ಕೊಟ್ಟು ಓಡಿ ಬಂದರು. ದಪ್ಪ ಕೈಗವಸಿನಲ್ಲಿ ತಂತಿ ಕತ್ತರಿ ಹಿಡಿಯಲು ಆಗಲಿಲ್ಲ. ಬಲಗೈ ಗವಸನ್ನು ಹಲ್ಲಿನಿಂದ ಕಿತ್ತು ಉಗುಳಿದರು. ಬೂಟಿಗೆ ಬಿಗಿದ ತಂತಿಗೆ ಬರಿ ಬೆರಳು ಒತ್ತಿಕೊಂಡೇ ಕತ್ತರಿಸಿದರು. ತಂತಿ ಕಾದಿತ್ತು. ಎರಡನೆಯ ತಂತಿ ಕತ್ತರಿಸುವಾಗ ಅವರ ಕೈಯಿಂದ ಬಂದ ವಾಸನೆ ನನಗೆ ತಿಳಿಯಿತು. ಆ ಹೊತ್ತಿಗೂ ಅವರು, "ಏಳು ಕರಪತ್ರ, ಕ್ರಾಂತಿ ಮಲಗ್ಕೊಂಡು ಆಗಲ್ಲ" ಎಂದರು. ನಾನು ಎದ್ದೆ. ನನಗೆ ಗಾಯವಾಗಲಿಲ್ಲ.

ಬೆಂಕಿ 7:20ಕ್ಕೆ ಹತೋಟಿಗೆ ಬಂತು. ನಮ್ಮ ದಳದಲ್ಲಿ ಒಂದು ಪದ್ಧತಿ ಇದೆ. ಕೆಲಸ ಮುಗಿದ ಮೇಲೆ ಟ್ಯಾಂಕರಿನ ಬಾನೆಟ್ ಮೇಲೆ ಹಾಜರಿ ಹಾಳೆ ಇಡುತ್ತಾರೆ, ಎಲ್ಲರೂ ಗಂಟೆ ಬರೆದು ಸಹಿ ಹಾಕುತ್ತಾರೆ. ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಗಂಟೆ ದುಡಿದವರಿಗೆ ಡಿಸೆಂಬರ್ ಊಟದಲ್ಲಿ ಹೊಗೆ ಹಾಕಿದ ಒಂದು ಇಡೀ ಹಂದಿ ತೊಡೆ ಕೊಡುತ್ತಾರೆ. ಟ್ರೌಟ್‌ಮನ್ ಅವರು ಅದನ್ನು ಆರು ಸಲ ಗೆದ್ದಿದ್ದಾರೆ. ಆಂಬುಲೆನ್ಸಿನವರು ಅವರ ಕೈಗೆ ಒದ್ದೆ ಬಟ್ಟೆ ಸುತ್ತಿ ಕೂರಿಸಿದ್ದರು. ಅಲ್ಲಿಂದಲೇ ಅವರು, "ಚೀಫ್, ನನ್ನ ಮೂರು ಗಂಟೆ ಬರ್ಕೊಳ್ಳಿ. ಈ ಸಲದ ತೊಡೆನೂ ಬಿಡಲ್ಲ" ಎಂದು ಕೂಗಿದರು. ಎಲ್ಲರೂ ನಕ್ಕೆವು. ಚೀಫ್ ತಮ್ಮ ಕೈಯಿಂದಲೇ ಟ್ರೌಟ್‌ಮನ್ ಅವರ ಹೆಸರು ಬರೆದರು.

ಮೇ 3ರಂದು ಟ್ರೌಟ್‌ಮನ್ ಅವರಿಗೆ ಟೌನ್‌ಶಿಪ್‌ನಿಂದ ಖರ್ಚಿನ ಬಿಲ್ ಬಂತು. ಆದೇಶ ಮೀರಿದ ದಂಡವನ್ನು ಅವರು ಅದಕ್ಕೂ ಮೊದಲೇ ಕಟ್ಟಿದ್ದರು. ಬಿಲ್ಲಿನಲ್ಲಿ ಟ್ಯಾಂಕರ್, ಡೀಸೆಲ್ ಮತ್ತು ಹನ್ನೊಂದು ಜನ ಸಿಬ್ಬಂದಿಯ ಹೆಸರು, ಗಂಟೆ ಇತ್ತು. ಹಾಜರಿ ಹಾಳೆಯನ್ನು ಇದ್ದ ಹಾಗೇ ಇಳಿಸಿಕೊಂಡಿದ್ದರು. ಹನ್ನೊಂದನೆಯ ಸಾಲು: "ಅಗ್ನಿಶಾಮಕ ಸಿಬ್ಬಂದಿ ಆರ್. ಟ್ರೌಟ್‌ಮನ್, ಸೇವೆ 3 ಗಂಟೆ, 61 ಡಾಲರ್ 50 ಸೆಂಟ್." ಅವರು ಅದನ್ನು ದಳದ ಅಡುಗೆಮನೆಯ ಗೋಡೆಗೆ ಅಂಟಿಸಿ, "ನೋಡ್ರಪ್ಪಾ, ನಾನು ನನಗೇ ಸಾಲಗಾರ. ನಾನು ಬಾಳ ಕೆಟ್ಟವನು, ನನ್ ಹತ್ರ ನಾನು ವಸೂಲಿ ಮಾಡ್ದೆ ಬಿಡಲ್ಲ" ಎಂದು ಎಲ್ಲರಿಗೂ ತೋರಿಸಿದರು. ಅವರಿಗೆ ಅದು ತಮಾಷೆ. ನನಗೆ ತಡೆಯಲಾಗಲಿಲ್ಲ.

ಮೇ 13ರ ಮಂಡಳಿ ಸಭೆಯಲ್ಲಿ ಸಾರ್ವಜನಿಕರಿಗೆ ಕೊಡುವ ಮೂರು ನಿಮಿಷದಲ್ಲಿ ನಾನು ಎದ್ದು ಮಾತನಾಡಿದೆ. ಒಬ್ಬ ಮನುಷ್ಯನ ಬೆವರನ್ನು ಅವನಿಗೇ ಮಾರುತ್ತಿದ್ದೀರಿ, ಆ ಸಾಲನ್ನು ತೆಗೆಯಿರಿ ಎಂದೆ. ಜನ ಚಪ್ಪಾಳೆ ತಟ್ಟಿದರು. ಎಬರ್ಸೋಲ್ ಅವರು ಬಹಳ ನಯವಾಗಿ, "ಡಾರ್ಸಿ ಅವರು ಹೇಳೋದು ಸರಿ. ಅದು ಕಣ್ತಪ್ಪು. ಜೂನ್ ಸಭೆಯಲ್ಲಿ ಹೊಡೆದು ಹಾಕ್ತೀವಿ" ಎಂದರು. ನಾವು ಗೆದ್ದೆವೆಂದು ನಾನು ತಿಳಿದುಕೊಂಡೆ.

ಮೇ 29ರಂದು ಟ್ರೌಟ್‌ಮನ್ ಅವರು ನಮ್ಮ ಗಿರಣಿಗೆ ಬಂದರು. ಕರ್ತವ್ಯದಲ್ಲಿ ಗಾಯಗೊಂಡ ಸ್ವಯಂಸೇವಕರಿಗೆ ಟೌನ್‌ಶಿಪ್ ವಿಮೆ ಮಾಡಿಸಿರುತ್ತದೆ. ಚಿಕಿತ್ಸೆಯ ಹಣ ಕೊಡುವುದಿಲ್ಲ ಎಂದು ಆ ವಿಮೆಯವರು ಬರೆದ ಪತ್ರ ಅವರ ಎಡಗೈಯಲ್ಲಿತ್ತು. ಬಲಗೈಯ ನಡುವಿನ ಮೂರು ಬೆರಳು ಮಡಚುವುದಿಲ್ಲ. ಜೂನ್ 25ಕ್ಕೆ ಎರಡನೆಯ ಶಸ್ತ್ರಚಿಕಿತ್ಸೆ ಆಗಬೇಕು. ಅದಾಗದಿದ್ದರೆ ಅವರು ಲಾರಿಯ ಗೇರ್ ಹಿಡಿಯುವಂತಿಲ್ಲ. ವಿಮೆಯವರ ಪತ್ರದ ಜೊತೆಗೆ ಎಬರ್ಸೋಲ್ ಅವರು ಮೇ 20ರಂದು ಬರೆದ ಕಾಗದದ ನಕಲು ಇತ್ತು. ಟ್ರೌಟ್‌ಮನ್ ಅವರು ಆ ಸಂಜೆ ಜಮೀನಿನ ಮಾಲೀಕರಾಗಿ, ನಿಯಮ ಮೀರಿದವರಾಗಿ ಸ್ಥಳದಲ್ಲಿದ್ದರು, ದಳದ ಕರ್ತವ್ಯದಲ್ಲಿ ಇರಲಿಲ್ಲ, ಬಿಲ್ಲಿನಲ್ಲಿ ಅವರ ಹೆಸರು ತಪ್ಪಾಗಿ ಸೇರಿದ್ದು ಸಾರ್ವಜನಿಕ ಸಭೆಯಲ್ಲೇ ಒಪ್ಪಿಕೊಂಡ ಸಂಗತಿ ಎಂದು ಅದರಲ್ಲಿದೆ. ಆ ಸಭೆಯಲ್ಲಿ ಮಾತನಾಡಿದವಳು ನಾನು.

ಟ್ರೌಟ್‌ಮನ್ ಅವರು, "ಆ ಸಾಲು ತೆಗ್ಸು ಅಂತ ನಿನ್ನ ಯಾರು ಕೇಳಿದ್ರು?" ಎಂದರು. ನಾನು ಅನ್ಯಾಯವಾಗಿತ್ತು ಎಂದೆ. "ಅನ್ಯಾಯ ಅಂತ ನಂಗೂ ಗೊತ್ತು. ನಾನಲ್ಲಿದ್ದೆ ಅಂತ ಟೌನ್‌ಶಿಪ್‌ನವರ ಕೈಲೇ ಬರೆದಿರೋದು ಅದೊಂದೇ ಸಾಲು. ಅದನ್ನೂ ತೆಗೆಸಿಬಿಟ್ಟೆಯಲ್ಲೇ" ಎಂದರು. ಅವರು ಕೂಗಾಡಲಿಲ್ಲ. ಮೂಟೆಯ ಮೇಲೆ ಕುಳಿತು ನೀರು ಕೇಳಿ ಕುಡಿದರು.

ಮಾರನೆಯ ದಿನ ನಾನು ಎಬರ್ಸೋಲ್ ಅವರ ಕಚೇರಿಗೆ ಹೋಗಿ ಚೀಫ್ ಕೊಟ್ಟ ಆದೇಶವನ್ನೂ ತಂತಿ ಕತ್ತರಿಸಿದ್ದನ್ನೂ ಹೇಳಿದೆ. ಅವರು, "ಬೆಂಕಿ ಹಚ್ಚಿದವರೇ ಆರ್ಸೋ ಕರ್ತವ್ಯದಲ್ಲೂ ಇರೋಕಾಗಲ್ಲಮ್ಮ. ಮಾಲೀಕನ ಟೋಪಿ ಹಾಕ್ಕೊಂಡ್ರೆ ದಳದ ಟೋಪಿ ತೆಗೀಬೇಕು" ಎಂದರು. ಹಾಗಾದರೆ ಹಣ ಕೇಳುವಾಗ ಯಾವ ಟೋಪಿ ಎಂದು ಕೇಳಿದೆ. "ಅದಕ್ಕೇ ತಾನೆ ತೆಗೀತಿರೋದು. ನೀನೇ ಕೇಳಿದ್ದು" ಎಂದು ಬಾಗಿಲು ತೋರಿಸಿದರು. ಪಂಪ್ ಹಿಡಿಯಲು ಹೇಳಿದ್ದು ನೀವೇ ಎಂದು ಬರೆದು ಕೊಡಿ ಎಂದು ಚೀಫ್ ಶೋಪ್ ಅವರನ್ನು ಎರಡು ಸಲ ಕೇಳಿದ್ದೇನೆ. ದಳದ ಹೊಸ ಪೈಪುಗಳಿಗೆ ಹಣ ಕೇಳಿದ್ದು ಅದೇ ಸಭೆಯಲ್ಲಿ ಮಂಡಳಿಯ ಮುಂದಿದೆ, ಸೋಮವಾರ ಕಳೆಯಲಿ ಎನ್ನುತ್ತಾರೆ. ಅವರು ಕೆಟ್ಟವರಲ್ಲ. ನಮ್ಮ ಪೈಪುಗಳು ನಿಜವಾಗಿಯೂ ಸೋರುತ್ತವೆ. ಆದರೆ ಸೋಮವಾರ ಕಳೆದ ಮೇಲೆ ಅವರು ಬರೆದು ಕೊಟ್ಟರೆ ಏನು ಬಂತು?

ಇಂದು ಬೆಳಿಗ್ಗೆ 9:40ಕ್ಕೆ ನಾನು ಟ್ರೌಟ್‌ಮನ್ ಅವರನ್ನು ನನ್ನ ಕಾರಿನಲ್ಲಿ ಟೌನ್‌ಶಿಪ್ ಕಚೇರಿಗೆ ಕರೆದುಕೊಂಡು ಹೋದೆ. ಎಬರ್ಸೋಲ್ ಅವರು ಇನ್ನೂ ಬಂದಿರಲಿಲ್ಲ. ಹಣ ಕಟ್ಟುವ ಕಿಟಕಿಯಲ್ಲಿ ಕಾರ್ಯದರ್ಶಿ ನೋರೀನ್ ಹೆಸ್ ಇದ್ದರು. ಟ್ರೌಟ್‌ಮನ್ ಅವರು ಬಿಲ್ ಮುಂದಿಟ್ಟು ಹನ್ನೊಂದನೆಯ ಸಾಲಿನ ಹಣ ಮಾತ್ರ ಕಟ್ಟುತ್ತೇನೆ ಎಂದರು.

ನೋರೀನ್ ಅವರು, "ರಸ್ಸೆಲ್, ತಲೆ ಕೆಟ್ಟಿದೆಯಾ? ಉಳಿದದ್ದೆಲ್ಲ ಬಿಟ್ಟು ಇದಕ್ಕೆ ಕಟ್ತೀಯಾ? ಇದನ್ನ ಸೋಮವಾರ ಹೊಡೆದು ಹಾಕ್ತಾರೆ" ಎಂದರು.

"ಇವತ್ತು ಬಾಕಿ ಇದೆಯೋ ಇಲ್ವೋ?"

"ಇದೆ."

"ಹಾಗಿದ್ರೆ ತಗೋ. ಉಳಿದದ್ದು ತಿಂಗಳ ಕೊನೆಗೆ ಕೊಡ್ತೀನಿ, ಅದು ನಾನು ಮಾಡಿದ್ದಕ್ಕೆ. ಇದು ಬೇರೆ."

ಎಬರ್ಸೋಲ್ ಅವರು ಬರುವ ತನಕ ಕಾಯಿರಿ ಎಂದು ನೋರೀನ್ ಹೇಳಿದರು. ಬಾಕಿ ಹಣ ತಂದವರನ್ನು ಕಾಯಿಸುವ ನಿಯಮ ಯಾವುದು, ತೋರಿಸಿ ಎಂದು ನಾನು ಕೇಳಿದೆ. "ನೀನು ಸ್ವಲ್ಪ ಸುಮ್ನಿರು ಕರಪತ್ರ" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಟ್ರೌಟ್‌ಮನ್ ಅವರು ಹಣ ಎಣಿಸಲು ಬಲಗೈ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ನೋಟುಗಳು ಬೆರಳಿನಿಂದ ಎರಡು ಸಲ ಜಾರಿದವು. ನಾನು ಎತ್ತಿಕೊಡಲು ಹೋದೆ, ಬೇಡವೆಂದು ತಲೆಯಾಡಿಸಿದರು. ನೋರೀನ್ ಅದನ್ನು ನೋಡಿದರು. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ, "ರಸೀದಿಯಲ್ಲಿ ಏನಂತ ಬರೀಲಿ?" ಎಂದು ಕೇಳಿದರು.

"ಬಿಲ್ಲಲ್ಲಿ ಏನಿದೆಯೋ ಅದೇ."

ಅವರು ಒಂದೊಂದು ಪದವನ್ನೂ ಗಟ್ಟಿಯಾಗಿ ಓದುತ್ತ ಟೈಪ್ ಮಾಡಿದರು. ಅಗ್ನಿಶಾಮಕ ಸಿಬ್ಬಂದಿ ಆರ್. ಟ್ರೌಟ್‌ಮನ್ ಅವರ ಸೇವೆ, 13-4-2024, 3 ಗಂಟೆ, ಹಣ ಸಂದಿದೆ. ಟೌನ್‌ಶಿಪ್ ಮುದ್ರೆ ಒತ್ತಿದರು. ರಸೀದಿಯನ್ನು ಕಿಟಕಿಯಿಂದ ಈಚೆಗೆ ತಳ್ಳಿ, "ಇನ್ನು ಇದನ್ನ ಹೊಡೆದು ಹಾಕ್ಬೇಕಂದ್ರೆ ಮೊದ್ಲು ದುಡ್ಡು ವಾಪಸ್ ಕೊಡ್ಬೇಕು. ವಾಪಸ್ ತಗೊಂಡೆ ಅಂತ ನಿನ್ನ ಸಹಿ ಬೇಕಾಗತ್ತೆ" ಎಂದರು.

ಟ್ರೌಟ್‌ಮನ್ ಅವರು ಕೈಯನ್ನು ಕಟ್ಟೆಯ ಮೇಲಿಂದ ತೆಗೆಯದೆ, "ಈ ಕೈಲಿ ಸಹಿ ಬರಲ್ಲ, ನೋರೀನ್" ಎಂದರು.

ನೋರೀನ್ ಅವರು, "ನಂಗೊತ್ತು" ಎಂದು ಕಿಟಕಿ ಮುಚ್ಚಿದರು.

ಬಿಲ್, ರಸೀದಿ ಮತ್ತು ಎಬರ್ಸೋಲ್ ಅವರ ಮೇ 20ರ ಕಾಗದದ ನಕಲುಗಳನ್ನು ಇದರೊಂದಿಗೆ ಕೊಟ್ಟಿದ್ದೇನೆ. ಇವುಗಳಿಗೆ ಠಾಣೆಯ ಸ್ವೀಕೃತಿ ನಂಬರ್ ಹಾಕಿ ಒಂದು ಪ್ರತಿಯನ್ನು ವಿಮೆಯವರಿಗೂ, ಒಂದನ್ನು ಮಂಡಳಿಗೂ ಇಂದೇ ಕಳಿಸಬೇಕೆಂದು ಕೋರುತ್ತೇನೆ. ಇದು ಅಪರಾಧದ ಪ್ರಕರಣ ಆಗುವುದು ಅನುಮಾನ, ತಮ್ಮ ಸಂಬಳವೂ ಅದೇ ಕಚೇರಿಯಿಂದ ಬರುತ್ತದೆ ಎಂದು ಸಾರ್ಜೆಂಟ್ ಹೇಳಿದರು. ಅದನ್ನೂ ಬರೆಯಿರಿ ಎಂದೆ. ಅವರು ಅದನ್ನೂ ಬರೆದರು. ನಂಬರ್ ಹಾಕಿದರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಮಾತ್ರ ಇದರಲ್ಲಿದೆ, ಯಾರ ಒತ್ತಾಯವೂ ಇಲ್ಲ. ದೂರಿನ ಮೊದಲ ಪ್ಯಾರಾದಲ್ಲಿರುವ "ಸುಳ್ಳು" ಎಂಬ ಪದವನ್ನು "ವ್ಯತ್ಯಾಸ" ಎಂದು ಮಾಡಬಹುದೇ ಎಂದು ಸಾರ್ಜೆಂಟ್ ಕೇಳಿದರು. ನಾನು ಒಪ್ಪಲಿಲ್ಲ. ಇದ್ದ ಹಾಗೆಯೇ ಸಹಿ ಮಾಡಿದ್ದೇನೆ.

ಸ್ಥಳ: ಹೆಮ್ಲಾಕ್ ಗ್ಯಾಪ್ ಟೌನ್‌ಶಿಪ್ ಪೊಲೀಸ್ ಠಾಣೆ
ದಿನಾಂಕ: 7-6-2024, ಮಧ್ಯಾಹ್ನ 12:35

(ಸಹಿ) ಡಾರ್ಸಿ ಕೋವಲ್ಚಿಕ್
ನನ್ನ ಸಮಕ್ಷಮ: (ಸಹಿ) ಸಾರ್ಜೆಂಟ್ ಎಂ. ಗುಡ್ಲಿಂಗ್