ರೇವಪ್ಪನ ಹೊಲದ ಮುಯ್ಯಿ

ನಾನು ಸಾವಿತ್ರವ್ವ, ಗಂಡ ಚಂದಪ್ಪ, ವಯಸ್ಸು 48, ಉದ್ಯೋಗ ಒಕ್ಕಲುತನ, ಸಾಕಿನ್ ಬನ್ನಿಹಟ್ಟಿ, ತಾಲೂಕು ಇಂಡಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮೂರಲ್ಲಿ ಬಿಳಿಜೋಳ ಕೀಳುವ ಕೆಲಸ ಮುಯ್ಯಿಯ ಮೇಲೆ ನಡೆಯುತ್ತದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಹೊಲದವರು ಬುತ್ತಿ ತರುತ್ತಾರೆ. ಹೋದ ಸುಗ್ಗಿಯಲ್ಲಿ ನನ್ನ ಗಂಡ ಕಾಲು ಮುರಿದುಕೊಂಡು ಮಲಗಿದ್ದಾಗ ರೇವಪ್ಪನ ಹೆಂಡತಿ ಕಸ್ತೂರೆವ್ವ ಬಂದು ನಮ್ಮ ಹೊಲದ ಜೋಳ ಕಿತ್ತಳು. ಆಗ ಸರ್ಕಾರ ಅವರ ಪಕ್ಷದ್ದಿತ್ತು, ನಾವು ಎದುರು ಪಕ್ಷದವರು. ಅದರ ಮಾತೇ ಅವಳ ಬಾಯಲ್ಲಿ ಬರಲಿಲ್ಲ.

ಕಳೆದ ಅಕ್ಟೋಬರದಲ್ಲಿ ಸರ್ಕಾರ ಬದಲಾಗಿ ನಮ್ಮ ಪಕ್ಷ ಬಂತು. ನಾನೂ ಗುಲಾಲು ಹಚ್ಚಿಕೊಂಡು ಕುಣಿದಿದ್ದೇನೆ, ಮುಚ್ಚಿಡುವುದಿಲ್ಲ. ಮೊನ್ನೆ ಸೋಮವಾರ ನಮ್ಮ ಪಕ್ಷದ ಮುಖಂಡ ಭೀಮಶ್ಯಾ ಕಟ್ಟೆಯ ಮೇಲೆ ಕುಳಿತು, ಸೋತವರ ಹೊಲಕ್ಕೆ ಯಾರೂ ಮುಯ್ಯಿ ಹೋಗಕೂಡದು, ಹೋದವರಿಗೆ ಸರ್ಕಾರದ ಆಶ್ರಯ ಯೋಜನೆಯ ಮನೆ ಸಿಗದಂತೆ ಮಾಡುತ್ತೇನೆ ಎಂದು ತಾಕೀತು ಮಾಡಿದನು. ರೇವಪ್ಪನ ಆರು ಎಕರೆ ಜೋಳ ಒಣಗಿ ಕಾಳು ಉದುರುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಕೀಳುತ್ತಿದ್ದರು. ನೋಡಿ ಭೀಮಶ್ಯಾನ ಮೇಲೆ ಸಿಟ್ಟು ಬಂತು.

ಇಂದು ಬೆಳಿಗ್ಗೆ 7 ಗಂಟೆಗೆ ನಾನು, ನೆರೆಮನೆಯ ರಹಿಮಾಬಿ ಮತ್ತು ನಮ್ಮ ಓಣಿಯ ಒಂಬತ್ತು ಹೆಣ್ಣುಮಕ್ಕಳು ಒಂದೂವರೆ ಕಿಲೋಮೀಟರ್ ನಡೆದು ಆ ಹೊಲಕ್ಕೆ ಹೋದೆವು. ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕದ ಸಾಲು ಹಿಡಿದಳು. ಮಧ್ಯಾಹ್ನ 1 ಗಂಟೆಗೆ ಬುತ್ತಿ ಬಿಚ್ಚಿದಾಗ ಭೀಮಶ್ಯಾ ಮೋಟಾರ್ ಸೈಕಲ್ ಮೇಲೆ ಬಂದು, ನಮ್ಮ ಸರ್ಕಾರ ಬಂದ ಮೇಲೂ ಇವರ ಹೊಲದಲ್ಲಿ ಬಗ್ಗಲು ನಾಚಿಕೆಯಾಗುವುದಿಲ್ಲವೇ ಎಂದು ಬೈದು, ಬುತ್ತಿಯನ್ನು ಕಾಲಿನಿಂದ ಒದ್ದನು. ಮಜ್ಜಿಗೆ ಚೆಲ್ಲಿತು, ರೊಟ್ಟಿಗಳು ಮಣ್ಣಿಗೆ ಬಿದ್ದವು. ನಾನು ಎದ್ದು ನಿಂತು, ತೋಳು ತೋರಿಸಿ, "ನಿಮಗ ಓಟು ಹಾಕೇನ್ರಿ, ಈ ರಟ್ಟಿ ಬರದ ಕೊಟ್ಟಿಲ್ಲ" ಎಂದೆನು. ಅವನು ಹೋದ ಮೇಲೆ ರಹಿಮಾಬಿ ರೊಟ್ಟಿಗಳನ್ನು ಆರಿಸಿ, ಜಾಡಿಸಿ ಎಲ್ಲರ ಕೈಗೆ ಕೊಟ್ಟಳು. ಹಲ್ಲಿಗೆ ಮಣ್ಣು ಸಿಕ್ಕಿತು. ತಿಂದು ಹೊತ್ತು ಇಳಿಯುವವರೆಗೆ ಕಿತ್ತೆವು.

ಇಲ್ಲಿನ ಹವಾಲ್ದಾರರು, ನೀವಿಬ್ಬರೂ ಒಂದೇ ಪಕ್ಷದವರು, ಊರಲ್ಲೇ ಬಗೆಹರಿಸಿಕೊಳ್ಳಿ ಎಂದರು. ಒಂದೇ ಪಕ್ಷದವಳಾದ್ದರಿಂದಲೇ ಬರೆಯಿಸುತ್ತಿದ್ದೇನೆ. ನಾನು ಪಕ್ಷ ಬಿಡುವುದಿಲ್ಲ, ಮುಯ್ಯಿಯನ್ನೂ ಬಿಡುವುದಿಲ್ಲ.

ಸರದಿಯಂತೆ ಶನಿವಾರ ಭೀಮಶ್ಯಾನದೇ ಹೊಲ. ಅವನ ಹೆಂಡತಿ ಗುರವ್ವ ನಿನ್ನೆಯೇ ನಮ್ಮನ್ನು ಕರೆದು ಹೋಗಿದ್ದಾಳೆ. ನಾವು ಹನ್ನೊಂದು ಜನರೂ ಹೋಗುತ್ತೇವೆ, ಕಸ್ತೂರೆವ್ವನೂ ನಮ್ಮ ಜೊತೆ ಬರುತ್ತಾಳೆ. ಅವಳನ್ನು ಬದುವಿನ ಮೇಲೆ ತಡೆದರೆ ಆ ಹೊಲದ ಒಂದು ದಂಟನ್ನೂ ನಾವು ಮುಟ್ಟುವುದಿಲ್ಲ. ಒಳಗೆ ಬಿಟ್ಟರೆ, ಅವನ ಮನೆಯ ಬುತ್ತಿಯನ್ನು ಮೊದಲು ಅವಳ ಮುಂದೆಯೇ ಬಿಚ್ಚಬೇಕು.

ನಾನು ಹೇಳಿದ್ದನ್ನೇ ಬರೆದಿದ್ದಾರೆ. ಓದಿಸಿ ಕೇಳಿದ್ದೇನೆ, ಸರಿಯಿದೆ. ಇದನ್ನು ಭೀಮಶ್ಯಾನಿಗೂ ಓದಿ ಹೇಳಬಹುದು.

ಸ್ಥಳ: ಇಂಡಿ ತಾಲೂಕು
ದಿನಾಂಕ: 17-02-2000
ಸಹಿ: ಸಾವಿತ್ರವ್ವ ಚಂದಪ್ಪ